ಗೋಣಿಚೀಲ ಹೊದ್ದ ಸ್ಕೂಟರ್ ಮತ್ತು ದೇಶದ ಹೊಗೆ ಲೆಕ್ಕ

ನಮ್ಮ ಬಸ್ಸು, ಲಾರಿ, ಬೈಕುಗಳು ವರ್ಷಕ್ಕೆ ಎಷ್ಟು ಇಂಗಾಲ ಉಗುಳುತ್ತವೆ? ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ.

1950ರ ಹೊತ್ತಿಗೆ ದೇಶದ ಸರಕಿನ ಬಹುಪಾಲು ರೈಲಿನಲ್ಲೇ ಹೋಗುತ್ತಿತ್ತು. ಈಗ ಬಹುಪಾಲು ಲಾರಿಗಳ ಮೇಲಿದೆ. ಈ ಬದಲಾವಣೆ ಆಗುತ್ತಿದ್ದಾಗ ಹೊಗೆ ಲೆಕ್ಕ ಇಡಬೇಕೆಂದು ಹೆಚ್ಚಿನವರಿಗೆ ಅನಿಸಿರಲಿಲ್ಲ.

2009ರಲ್ಲಿ, ಕೋಪನ್‌ಹೇಗನ್ ಹವಾಮಾನ ಸಮ್ಮೇಳನದ ಹೊತ್ತಿಗೆ, ಲೆಕ್ಕ ಬೇಕಾಯಿತು. ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಇಂಗಾಲವನ್ನು 2005ಕ್ಕೆ ಹೋಲಿಸಿದರೆ 2020ರೊಳಗೆ ಶೇ 20ರಿಂದ 25ರಷ್ಟು ಇಳಿಸುತ್ತೇವೆ ಎಂದು ಭಾರತ ಹೇಳಿತು. ಅದಕ್ಕೆ ದಾರಿ ಹುಡುಕಲು ಯೋಜನಾ ಆಯೋಗ ಅರ್ಥಶಾಸ್ತ್ರಜ್ಞ ಕಿರೀಟ್ ಪಾರಿಖ್ ನೇತೃತ್ವದಲ್ಲಿ ತಜ್ಞರ ಗುಂಪು ಮಾಡಿತು. ಅದರ ಕೊನೆಯ ವರದಿ ಬಂದದ್ದು 2014ರಲ್ಲಿ.

ಲೆಕ್ಕ ಹಾಕಲು ಎರಡು ದಾರಿ. ಒಂದು, ಮಾರಾಟವಾದ ಇಂಧನ ನೋಡುವುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಸುಲಭ ಅನಿಸುತ್ತದೆ ಅಲ್ವಾ? ಆದರೆ ಡೀಸೆಲ್ ಎಲ್ಲವೂ ರಸ್ತೆಗೇ ಹೋಗುವುದಿಲ್ಲ. 2014ರಲ್ಲಿ ಹೊರಬಂದ ಒಂದು ಸರ್ಕಾರಿ ಅಧ್ಯಯನದ ಪ್ರಕಾರ ಸಾರಿಗೆಗೆ ಹೋಗುವುದು ಶೇ 70ರಷ್ಟು. ಉಳಿದದ್ದು ಟ್ರ್ಯಾಕ್ಟರ್, ಪಂಪ್‌ಸೆಟ್, ಜನರೇಟರ್, ಕಾರ್ಖಾನೆಗಳಿಗೆ.

ಇನ್ನೊಂದು ದಾರಿ, ವಾಹನಗಳನ್ನು ಎಣಿಸಿ, ಓಡಿದ ಕಿಲೋಮೀಟರ್ ಮತ್ತು ಮೈಲೇಜ್ ಹಿಡಿದು ಲೆಕ್ಕ ಕಟ್ಟುವುದು. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಒಂದು ಸ್ಕೂಟರ್ ನಿಂತಿದೆ. ಟೈರು ಮಣ್ಣಿಗೆ ಅಂಟಿಕೊಂಡಿದೆ, ಸೀಟಿನ ಸ್ಪಂಜನ್ನು ಇಲಿ ಕಿತ್ತಿದೆ. ಆರ್‌ಟಿಒ ಪುಸ್ತಕದಲ್ಲಿ ಮಾತ್ರ ಅದು ಈಗಲೂ ಓಡುವ ಗಾಡಿ. ಇಂಥವು ಊರೂರಲ್ಲೂ ಇವೆ. ದೆಹಲಿಯಲ್ಲಿ ಸಂಶೋಧಕರು ಪೆಟ್ರೋಲ್ ಬಂಕ್‌ಗಳಲ್ಲೇ ನಿಂತು ಮಾಹಿತಿ ಕೇಳಿ ಬರೆದುಕೊಂಡರು. ನೋಂದಣಿಯಾದ ಗಾಡಿಗಳಲ್ಲಿ ದೊಡ್ಡ ಪಾಲು ರಸ್ತೆಯಲ್ಲೇ ಇಲ್ಲ ಅಂತ ಆಗ ಗೊತ್ತಾಯಿತು.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಇಂಧನ ಮತ್ತು ಎಂಜಿನ್ ಹಿಡಿದು ಹೊರಟ ಲೆಕ್ಕದಲ್ಲಿ ನಡೆದು ಹೋಗುವವರು, ಸೈಕಲ್ ತುಳಿಯುವವರು ಸುಮ್ನೆ ಕಳೆದುಹೋಗುತ್ತಾರೆ. ಅವರಿಂದ ಹೊಗೆಯೇ ಇಲ್ಲ. ಆದರೆ ಫುಟ್‌ಪಾತ್ ಇಲ್ಲದ ರಸ್ತೆಗೆ ಬೇಸತ್ತು ಅವರೂ ಬೈಕ್ ಕೊಂಡರೆ ಮುಂದಿನ ಅಂದಾಜುಗಳೆಲ್ಲ ತಲೆಕೆಳಗು. 2011ರ ಜನಗಣತಿಯಲ್ಲಿ ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿದ್ದರು. ಆ ಪಟ್ಟಿಯಲ್ಲೂ ರೈತರು, ಕೃಷಿ ಕೂಲಿಗಳು ಸೇರಿಲ್ಲ. 2021ರ ಗಣತಿ ಆ ವರ್ಷ ನಡೆಯಲಿಲ್ಲ. ಅದೇ ವರ್ಷ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತದ 2070ರ ನೆಟ್ ಝೀರೋ ಗುರಿ, ಅಂದರೆ ಉಗುಳಿದಷ್ಟೂ ಇಂಗಾಲ ಹೀರಿಕೊಂಡು ಲೆಕ್ಕ ಸೊನ್ನೆಯಾಗಿಸುವ ಗುರಿ, ಘೋಷಣೆಯಾಯಿತು. ಆಗಲೂ ನಡೆಯುವವರ ಬಗ್ಗೆ ಕೈಯಲ್ಲಿದ್ದದ್ದು ಹತ್ತು ವರ್ಷ ಹಳೆಯ ಆ ಪಟ್ಟಿ.