ನಿಂಬೆ ಕಜ್ಜಿಯ ವೈವಿಧ್ಯ: ಆ 4/3 ಎಲ್ಲಿಂದ ಬಂತು?

ನಮ್ಮ ಬಾವಿಕಟ್ಟೆಯ ಹತ್ತಿರದ ನಿಂಬೆಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದೆ. ಕಂದು ಕಜ್ಜಿ, ಸುತ್ತ ಹಳದಿ ಉಂಗುರ, ಬೆರಳಾಡಿಸಿದರೆ ಎರಡೂ ಬದಿ ಒರಟು. ಕ್ಸಾಂಥೋಮೊನಾಸ್ ಸಿಟ್ರಿ ಎಂಬ ಬ್ಯಾಕ್ಟೀರಿಯಾ ಮಾಡುವ ಕೆಲಸ. ಗಾಳಿಮಳೆಯ ಹನಿಯೊಟ್ಟಿಗೆ ಸಿಡಿದು, ರಂಗೋಲಿ ಹುಳು ಕೊರೆದ ಗಾಯದಲ್ಲಿ ಸಲೀಸಾಗಿ ಒಳಹೊಗುತ್ತದೆ. ಆಟಿ ತಿಂಗಳಲ್ಲಿ ಕೇಳುವುದೇ ಬೇಡ. ಈ ಬ್ಯಾಕ್ಟೀರಿಯಾದ ಮಾದರಿಗಳು ಒಂದಕ್ಕೊಂದು ಎಷ್ಟು ಬೇರೆ ಎಂದು ಅಳೆಯುವ ಸೂತ್ರದಲ್ಲಿ ಒಂದು 4/3 ಬಂದು ನನ್ನನ್ನು ಕಾಡಿತು, ಈ ಟಿಪ್ಪಣಿ ಅದರ ಬಗ್ಗೆ.

ಮೊದಲು ಕಜ್ಜಿಯ ವಿಧಗಳನ್ನು ಬೇಗ ಮುಗಿಸುತ್ತೇನೆ. ಎ ವಿಧ ನಿಂಬೆ ಕುಲದ ಹೆಚ್ಚಿನ ಗಿಡಗಳಿಗೆ ಹತ್ತುತ್ತದೆ. ಎ-ಸ್ಟಾರ್, ಎ-ಡಬ್ಲ್ಯು ಎರಡಕ್ಕೂ ಮುಖ್ಯವಾಗಿ ಸಣ್ಣ ಹುಳಿನಿಂಬೆಯೇ ಆಗಬೇಕು. ಬಿ, ಸಿ ದಕ್ಷಿಣ ಅಮೆರಿಕದವು, ಕವಲೇ ಬೇರೆ. ಎ ವಿಧದ ಒಂದು ತಳಿಯ ಜೀನೋಮ್ (ಇಡೀ ಡಿಎನ್‌ಎ ಬರಹ) 2002ರಲ್ಲಿ ಪ್ರಕಟವಾಯಿತು: ಸುಮಾರು 52 ಲಕ್ಷ ಅಕ್ಷರ, ಜೊತೆಗೆ ಎರಡು ಪ್ಲಾಸ್ಮಿಡ್, ಅಂದರೆ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರಗಳು.

ಎ ವಿಧದೊಳಗೆ ಹೌಸ್‌ಕೀಪಿಂಗ್ ಜೀನ್‌ಗಳನ್ನು (ಕೋಶದ ದಿನನಿತ್ಯದ ಕೆಲಸ ನೋಡಿಕೊಳ್ಳುವವು) ಹೋಲಿಸಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ವಿಎನ್‌ಟಿಆರ್ ಎಣಿಸುವುದು, ಅಂದರೆ ಡಿಎನ್‌ಎಯ ಒಂದೇ ತುಣುಕು ಸಾಲಾಗಿ ಎಷ್ಟು ಸಲ ಬಂದಿದೆ ಎಂದು ನೋಡುವುದು. ಚೆಂಡೆ ಕಲಿಯುವವರು 'ತಕಿಟ ತಕಿಟ' ಎಂದು ಹೇಳುತ್ತಾ ಹೋದರೆ ಶಬ್ದ ತಪ್ಪುವುದಿಲ್ಲ, ಎಷ್ಟನೆಯ ಸಲ ಎಂಬ ಲೆಕ್ಕ ತಪ್ಪುತ್ತದೆ. ಡಿಎನ್‌ಎ ನಕಲಾಗುವಾಗಲೂ ಹಾಗೆಯೇ.

ಇನ್ನು ನಾನು ಎಡವಿದ ಜಾಗ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರಿನಿಂದ ಒಂದೊಂದು ಮಾದರಿ ತಂದೆವು, ಎಣಿಕೆ 5, 5, 6, 8 ಬಂತು ಎಂದಿಟ್ಟುಕೊಳ್ಳಿ (ಲೆಕ್ಕಕ್ಕಾಗಿ ಕಟ್ಟಿದ್ದು). 5, 6, 8ರ ಪಾಲುಗಳು 0.5, 0.25, 0.25. ವರ್ಗ ಮಾಡಿ ಕೂಡಿಸಿದರೆ 0.375, ಒಂದರಿಂದ ಕಳೆದರೆ 0.625: ಎರಡು ಮಾದರಿ ಹೆಕ್ಕಿದರೆ ಎಣಿಕೆ ಬೇರೆಯಾಗಿರುವ ಸಾಧ್ಯತೆ, ಅದೇ ವೈವಿಧ್ಯದ ಅಳತೆ. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ತಳಿವಿಜ್ಞಾನಿ ನೇಯಿಯವರ ಸೂತ್ರ ಅದನ್ನು 4/3ರಿಂದ ಗುಣಿಸು ಎನ್ನುತ್ತದೆ. ಯಾಕೆ? ಮೂರು ದಿನ ತಲೆ ಕೆರೆದುಕೊಂಡೆ.

ಸೂತ್ರ ಬದಿಗಿಟ್ಟು ಜೋಡಿ ಹಾಕಿದ ಮೇಲೆ ಬಿಡಿಸಿಕೊಂಡಿತು. ನಾಲ್ಕು ಮಾದರಿಗಳಿಗೆ 6 ಜೋಡಿ. ಬದಿಯಡ್ಕ-ಪೆರ್ಲ ಮಾತ್ರ ಒಂದೇ, ಉಳಿದ 5 ಬೇರೆ ಬೇರೆ. 5/6 ಅಂದರೆ 0.833. ಈಗ 0.625ನ್ನು 4/3ರಿಂದ ಗುಣಿಸಿ: ಅದೇ 0.833! 0.625 ಬರುವಾಗ ನಾವು ಮಾದರಿಯನ್ನು ತೆಗೆದು ನೋಡಿ, ಪುನಃ ಚೀಲಕ್ಕೇ ಹಾಕಿ ಎರಡನೆಯದನ್ನು ತೆಗೆದಿದ್ದೇವೆ. 16 ಸಾಧ್ಯತೆಗಳಲ್ಲಿ 4 ಸಲ ಬದಿಯಡ್ಕಕ್ಕೆ ಬದಿಯಡ್ಕವೇ, ಪೆರ್ಲಕ್ಕೆ ಪೆರ್ಲವೇ ಜೋಡಿ. ಅವು 'ಒಂದೇ' ಅನ್ನಿಸಿಕೊಳ್ಳದೆ ಇನ್ನೇನಾಗಬೇಕು? ಆ ಸುಳ್ಳು ಜೋಡಿಗಳನ್ನು ಬಿಟ್ಟರೆ ಉಳಿಯುವುದು 12. 16/12 ಅಂದರೆ 4/3. ಸಾವಿರ ಮಾದರಿ ಇದ್ದರೆ ಇದು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ನಾಲ್ಕಿದ್ದಾಗ ಫಲಿತಾಂಶವನ್ನೇ ತಿರುಗಿಸುತ್ತದೆ.

ಇನ್ನೊಂದು ಎಚ್ಚರ: ಎರಡೂ 5 ಎಂದ ಮಾತ್ರಕ್ಕೆ ಒಡಹುಟ್ಟು ಎನ್ನಬೇಡಿ. ಒಂದು 5ರಿಂದ 6ಕ್ಕೆ ಹೋಗಿ ಪುನಃ 5ಕ್ಕೆ ಬಂದಿರಬಹುದು. ಅದಕ್ಕೇ ಜೀನೋಮಿನ ಹತ್ತಾರು ಜಾಗ ಎಣಿಸುವುದು.

ಪ್ಲಾಸ್ಮಿಡ್ ಕಥೆ ಈ ಸಂಖ್ಯೆಗೆ ಕಾಣುವುದೇ ಇಲ್ಲ. ಅರ್ಜೆಂಟೀನಾದಲ್ಲಿ ಸಿಕ್ಕ ತಾಮ್ರ ತಡೆಯುವ ಜೀನ್‌ಗಳು ಪ್ಲಾಸ್ಮಿಡ್ ಮೇಲೆಯೇ ಇರುವುದು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಅಡಿಕೆಗೆ ಮದ್ದು ಬಿಟ್ಟು ಉಳಿದ ಮೈಲುತುತ್ತಿನ (ಅದೂ ತಾಮ್ರವೇ) ನೀರನ್ನು ನಿಂಬೆಗೂ ಹೊಡೆಯುವವರು ನಾವು. ಮುಂದಿನ ಟಿಪ್ಪಣಿ ಅದರ ಬಗ್ಗೆಯೇ.