ಸತೀವುಸ್: ಬಿತ್ತಿ ಬೆಳೆದದ್ದು

ಭತ್ತ ಒರೈಜಾ ಸಟೈವಾ, ಬೆಳ್ಳುಳ್ಳಿ ಆಲಿಯಂ ಸಟೈವಂ, ಸೌತೆ ಕುಕುಮಿಸ್ ಸಟೈವಸ್. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ಈ ಮೂರು ಹೆಸರುಗಳಲ್ಲೂ ಇರುವ ಗುಣವಾಚಕ ಒಂದೇ, ಬಾಲ ಮಾತ್ರ ಬೇರೆ. ‘ಸಟೈವಾ’ ಇಂಗ್ಲಿಷ್ ಬಾಯಿಯ ಉಚ್ಚಾರಣೆ. ಲ್ಯಾಟಿನ್‌ನಲ್ಲಿ ಅದು ಸತೀವಾ. ‘ತೀ’ ದೀರ್ಘ, ಒತ್ತೂ ಅದರ ಮೇಲೆಯೇ.

ಅರ್ಥ: ಬಿತ್ತಿ ಬೆಳೆದ, ತಾನಾಗಿ ಹುಟ್ಟಿದ್ದಲ್ಲದ. ನಾವು ಕಾಡಿನದಕ್ಕೆ ‘ಕಾಡುಬಾಳೆ’ ಎಂದು ಗುರುತು ಹಾಕಿ ತೋಟದ್ದನ್ನು ಬರೀ ಬಾಳೆ ಎನ್ನುತ್ತೇವೆ. ಇಲ್ಲಿ ಗುರುತು ಬಿದ್ದಿರುವುದು ಬೆಳೆಸಿದ್ದಕ್ಕೆ.

ಮೂಲ ಧಾತು ಸೆರೆರೆ, ಅಂದರೆ ಬಿತ್ತು. ಅದರ ಕೃದಂತ ಸತುಸ್, ‘ಬಿತ್ತಿದ’. ಅದಕ್ಕೆ ‘ಈವುಸ್’ ಪ್ರತ್ಯಯ ಸೇರಿ ಸತೀವುಸ್. ಬೀಜಕ್ಕಿರುವ ಸೇಮೆನ್, ಬಿತ್ತನೆಗಿರುವ ಸತಿಯೋ ಇದೇ ಬಳಗದವು. ಸತಿಯೋ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ‘ಸೀಸನ್’ ಆಯಿತು. ‘ಮಾವಿನ ಸೀಸನ್’ ಎನ್ನುವಾಗ ಒಳಗೆ ಬಿತ್ತನೆಯ ಹಂಗಾಮು ಅಡಗಿದೆ.

ಕನ್ನಡದ ಗುಣವಾಚಕಕ್ಕೆ ಲಿಂಗದ ಗೊಡವೆಯಿಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ. ಸಂಸ್ಕೃತ ಓದಿದವರಿಗೆ ಮಾತ್ರ ಲ್ಯಾಟಿನ್ ಥಟ್ಟನೆ ಹಿಡಿಯುತ್ತದೆ. ನವಃ, ನವಾ, ನವಮ್ ಇದ್ದಂತೆಯೇ ನೊವುಸ್, ನೊವಾ, ನೊವುಂ. ಹಾಗೆಯೇ ಪುಲ್ಲಿಂಗಕ್ಕೆ ಸತೀವುಸ್, ಸ್ತ್ರೀಲಿಂಗಕ್ಕೆ ಸತೀವಾ, ನಪುಂಸಕಕ್ಕೆ ಸತೀವುಂ. ಬಹುವಚನ ಕ್ರಮವಾಗಿ ಸತೀವೀ, ಸತೀವೇ, ಸತೀವಾ. ನಪುಂಸಕ ಬಹುವಚನವೂ ಸತೀವಾ ಎಂಬುದು ಹೊಸಬರು ಎಡವುವ ಜಾಗ. ಸಸ್ಯನಾಮದಲ್ಲಿ ಸಾಮಾನ್ಯವಾಗಿ ಪ್ರಥಮಾ ಏಕವಚನವಷ್ಟೇ ಸಾಕು. ಔಷಧಿ ಗ್ರಂಥಗಳಲ್ಲಿ ಷಷ್ಠಿಯೂ ಸಿಗುತ್ತದೆ: ‘ಬುಲ್ಬುಸ್ ಆಲ್ಲಿಈ ಸತೀವೀ’, ಬೆಳ್ಳುಳ್ಳಿಯ ಗಡ್ಡೆ.

ಕುಲನಾಮದ, ಅಂದರೆ ಸಸ್ಯನಾಮದ ಮೊದಲ ಪದದ, ಕೊನೆ ನೋಡಿ ಬಾಲ ಅಂಟಿಸಿದರೆ ಕೆಡುತ್ತದೆ. ಕುಕುಮಿಸ್, ಕ್ಯಾನಬಿಸ್ ಎರಡರ ಕೊನೆಯೂ ‘ಇಸ್’. ಮೊದಲನೆಯದು ಪುಲ್ಲಿಂಗ, ಹಾಗಾಗಿ ಸತೀವುಸ್. ಎರಡನೆಯದು, ಅಂದರೆ ಗಾಂಜಾ, ಸ್ತ್ರೀಲಿಂಗ, ಹಾಗಾಗಿ ಸತೀವಾ. ಮರಗಳ ಹೆಸರು ಇನ್ನೂ ಮೋಸ: ‘ಉಸ್’ ಎಂದು ಮುಗಿದರೂ ಬಹಳಷ್ಟು ಸ್ತ್ರೀಲಿಂಗ. ಅರಳಿಮರ ಫೈಕಸ್ ರಿಲಿಜಿಯೋಸಾ ಆಗಿರುವುದು ಅದಕ್ಕೇ. ಕುಲನಾಮದ ಲಿಂಗವನ್ನು ನಿಘಂಟಿನಲ್ಲಿ ನೋಡಿಕೊಂಡೇ ಬಾಲ ಹಚ್ಚಬೇಕು. ಬಾಲ ತಪ್ಪಿದ್ದರೆ ಸಸ್ಯನಾಮ ಸಂಹಿತೆಯ ಪ್ರಕಾರ ತಿದ್ದಲೇಬೇಕು. ಹಾಗೆ ತಿದ್ದಿದರೆ ಅದು ಹೊಸ ಹೆಸರಾಗುವುದಿಲ್ಲ.

ಪದದ ಅರ್ಥವನ್ನು ಅಕ್ಷರಶಃ ನಂಬುವಂತೆಯೂ ಇಲ್ಲ. ಆಫ್ರಿಕಾದ ಭತ್ತ ಒರೈಜಾ ಗ್ಲಾಬೆರಿಮಾ ಕೂಡ ಬೆಳೆಸಿದ್ದೇ, ಆದರೆ ಅದಕ್ಕೆ ಈ ಬಿರುದಿಲ್ಲ. ಕೇಸರಿಯ ಹೆಸರು ಕ್ರೋಕುಸ್ ಸತೀವುಸ್. ಅದು ಎರಡರ ಬದಲು ಮೂರು ಸೆಟ್ ವರ್ಣತಂತುಗಳಿರುವ ಬಂಜೆ ಗಿಡ, ಬೀಜವನ್ನೇ ಕಟ್ಟುವುದಿಲ್ಲ. ಕಾಶ್ಮೀರದ ಪಾಂಪೋರಿನ ರೈತರು ನೆಲಕ್ಕೆ ಹಾಕುವುದು ಗಡ್ಡೆ.