ಇನಾರಿ ಬೆಟ್ಟದಲ್ಲಿ ಕಂಬದ ಬುಡ ನೋಡಿ

ಜಪಾನಿನ ಕ್ಯೋಟೋ ನಗರದ ದಕ್ಷಿಣದಲ್ಲಿ ಇನಾರಿ ಅನ್ನೋ ಪುಟ್ಟ ಬೆಟ್ಟವಿದೆ. ಎತ್ತರ ಬರೀ 233 ಮೀಟರ್. ಅದರ ತಪ್ಪಲಿನಿಂದ ನೆತ್ತಿಯವರೆಗೂ ಫುಶಿಮಿ ಇನಾರಿ ದೇಗುಲ ಹಬ್ಬಿದೆ. ಜಪಾನಿನ ಸಾಂಪ್ರದಾಯಿಕ ಧರ್ಮವಾದ ಶಿಂಟೋದ ಈ ಕ್ಷೇತ್ರ ಕ್ರಿ.ಶ. 711ರಲ್ಲಿ ಶುರುವಾಯಿತು ಎನ್ನುತ್ತಾರೆ. ಇಲ್ಲಿನ ದೈವ ಮೊದಲು ಭತ್ತದ್ದು, ಆಮೇಲೆ ವ್ಯಾಪಾರದ್ದೂ ಆಯಿತು. ಹರಕೆ ಹೊತ್ತವರು ‘ತೋರಿ’ ಎಂಬ ಕೆಂಪು ಬಣ್ಣ ಬಳಿದ ಮರದ ಕಮಾನು ಒಪ್ಪಿಸುತ್ತಾರೆ. ಬೆಟ್ಟದಲ್ಲಿ ಅಂಥವು ಸುಮಾರು 10,000 ಇವೆ.

ಬಂದವರೆಲ್ಲ ತಲೆ ಎತ್ತಿ ಫೋಟೋ ತೆಗೆಯುತ್ತಾರೆ. ನನ್ನ ಕೇಳಿದರೆ, ಬಗ್ಗಿ ಕಂಬದ ಬುಡ ನೋಡಬೇಕು. ಅಲ್ಲಿ ಕೆಂಪು ಮುಗಿದು ಕಪ್ಪು ಬಣ್ಣದ ಪಟ್ಟಿ ಇರುತ್ತದೆ. ಹಳೆಯ ಕಂಬವಾದರೆ ಆ ಜಾಗದಲ್ಲೇ ಬಣ್ಣ ಉಬ್ಬಿ, ಒಳಗಿನ ಮರ ಪುಡಿಪುಡಿಯಾಗಿರುತ್ತದೆ.

ಬೇಲಿ ಗೂಟ ನೆಟ್ಟ ರೈತರಿಗೆ ಇದು ಗೊತ್ತು: ಗೂಟ ಕೊಳೆಯೋದು ನೆಲಮಟ್ಟದಲ್ಲೇ. ಮರ ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮಣ್ಣಿನ ಆಳದಲ್ಲಿ ಆಮ್ಲಜನಕ ಕಡಿಮೆ. ಮೇಲ್ಗಡೆ ಮರ ಒಣಗುತ್ತಿರುತ್ತದೆ, ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರದ ಆಟ ನಡೆಯೋದಿಲ್ಲ. ಎರಡೂ ಒಟ್ಟಿಗೆ ಸಿಗೋದು ನೆಲಮಟ್ಟದಲ್ಲಿ. ಸಾಲದ್ದಕ್ಕೆ ಮರದ ನಾರು ಉದ್ದಕ್ಕೆ ಸಾಗುವುದರಿಂದ, ಕೊಯ್ದ ತುದಿ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಶಿಲೀಂಧ್ರದ ಕಿಣ್ವಗಳು ಮರದ ಮುಖ್ಯ ಅಂಶವಾದ ಸೆಲ್ಯುಲೋಸನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತವೆ. ಉಳಿಯೋದು ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಮರ. ಇನಾರಿಯಲ್ಲಂತೂ ಕಮಾನುಗಳು ಒತ್ತೊತ್ತಾಗಿವೆ, ಸುತ್ತ ಕಾಡಿನ ನೆರಳು, ಜೂನ್-ಜುಲೈಯಲ್ಲಿ ಜಡಿಮಳೆ. ಒಣಗೋಕೆ ಪುರುಸೊತ್ತೆಲ್ಲಿ?

ಹಿಂದೆ ಈ ಕೆಂಪು ಬಣ್ಣದಲ್ಲಿ ಪಾದರಸ ಇರುತ್ತಿತ್ತು. ಅದು ಮರವನ್ನು ಕಾಪಾಡುತ್ತದೆ ಎಂದು ದೇಗುಲದವರೇ ವಿವರಿಸುತ್ತಾರೆ. ಕೆಂಪು ಬಣ್ಣ ಕೆಟ್ಟದ್ದನ್ನು ದೂರ ಇಡುತ್ತದೆ ಎಂಬ ನಂಬಿಕೆಯೂ ಇದೆ. ಶಿಲೀಂಧ್ರವೂ ಕೆಟ್ಟದ್ದೇ ಅಲ್ವಾ! ಆದರೆ ಬಣ್ಣದಲ್ಲಿ ಒಂದು ಬಿರುಕು ಬಿದ್ದರೆ ಸಾಕು, ನೀರು ಒಳಗೆ ಹೋಗುತ್ತದೆ. ಬಣ್ಣದ ಪದರವೇ ಅದನ್ನು ಒಳಗೆ ಹಿಡಿದಿಡುತ್ತದೆ.

ಹತ್ತುವಾಗ ಕಂಬಗಳ ಮೇಲೆ ಬರಹ ಕಾಣೋದಿಲ್ಲ. ಇಳಿಯುವಾಗ ಹಿಂಬದಿಯಲ್ಲಿ ಕೊಟ್ಟವರ ಹೆಸರು, ತಾರೀಖು ಕಾಣುತ್ತವೆ. ಜಪಾನಿನಲ್ಲಿ ಚಕ್ರವರ್ತಿಯ ಆಳ್ವಿಕೆಯ ಯುಗದ ಹೆಸರಿನಿಂದಲೂ ವರ್ಷ ಬರೆಯುತ್ತಾರೆ. ಜಪಾನಿ ಲಿಪಿ ಬಾರದಿದ್ದರೂ 2019ರಲ್ಲಿ ಶುರುವಾದ ‘ರೇವಾ’ ಯುಗದ ಎರಡು ಅಕ್ಷರ (令和) ಗುರುತಿಟ್ಟುಕೊಳ್ಳಿ. ಆ ಕಂಬಗಳ ಬುಡವನ್ನೂ ಅದಕ್ಕಿಂತ ಹಳೆಯವುಗಳ ಬುಡವನ್ನೂ ಹೋಲಿಸಿ ನೋಡಬಹುದು. ಕಲ್ಲಿನ ತೋರಿಗಳೂ ಬೆಟ್ಟದಲ್ಲಿವೆ. ಆದರೆ ಮರದ್ದು ಕೊಳೆತು ಜಾಗ ತೆರವಾದರೆ ತಾನೇ ಮುಂದಿನವರ ಹರಕೆ ನಿಲ್ಲೋದು?